ಇಪ್ಪತ್ತಮೂರನೇ ಬಿಲ್ಲೆ

ಮೊದಲನೇ ಕಲ್ಲು ನನ್ನ ಎಡ ಕಿವಿಯ ಪಕ್ಕದಲ್ಲೇ ಹೋಯಿತು.

ಕುಂಬಳಕಾಯಿ ಗಾತ್ರದ್ದು. ಕಾಲಬುಡದಲ್ಲಿ ಬಿದ್ದು ಪುಡಿಪುಡಿಯಾಯಿತು. ಕೆಂಪು ಧೂಳು ಕಣ್ಣಿಗೆ ಹೊಡೆಯಿತು.

ಕಣಿವೆಯಲ್ಲಿ ಕಲ್ಲು ಉದುರುವುದು ಹೊಸದೇನಲ್ಲ... ಬಿಸಿಲಿಗೆ ಬಿರುಕು ಬಿಟ್ಟ ಬಂಡೆ, ತಾನಾಗಿಯೇ ಬಿದ್ದಿರಬಹುದು ಅಂದುಕೊಂಡು ನಾಲ್ಕು ಹೆಜ್ಜೆ ಸರಿದು ನಿಂತೆ.

ಎರಡನೇ ಕಲ್ಲು ಅಲ್ಲಿಗೇ ಬಂತು!

ತಾನಾಗಿ ಬೀಳುವ ಕಲ್ಲಿಗೆ ಗುರಿ ಇರುವುದಿಲ್ಲ ಸ್ವಾಮಿ.

"ಯಾರೋ ಅದು? ಕೆಳಗೆ ಮನುಷ್ಯರಿದ್ದಾರೆ ಕಣ್ರಯ್ಯಾ!" ಅಂತ ಕೂಗಿದೆ.

ಮಾತಿನ ಬದಲು ಹಗ್ಗ ಬಂತು. ನಾನು ಇಳಿದು ಬಂದಿದ್ದ ಹಗ್ಗ... ಮೇಲೆ ಕತ್ತರಿಸಿ ಬಿಟ್ಟಿದ್ದರು. ಅರವತ್ತು ಅಡಿಯೂ ನನ್ನ ಹೆಗಲ ಮೇಲೆ ಬಂದು ಬಿತ್ತು.

ಮೂರನೇ ಕಲ್ಲಿಗೆ ಕಾಯಲಿಲ್ಲ. ಬಂಡೆಯ ಬುಡದಲ್ಲಿ ಒಂದು ಸಂದು ಕಂಡಿತು. ಹಗ್ಗ ಬಾಚಿಕೊಂಡು ನುಗ್ಗಿದೆ.

ಒಳಗೆ ಯಾರೋ ನರಳಿದರು!

ತಾಳಿ, ಬೆಳಿಗ್ಗೆಯಿಂದಲೇ ಹೇಳುತ್ತೇನೆ.

ಕಳೆದುಹೋದವರನ್ನು ಹುಡುಕುವುದು ನನ್ನ ಕಸುಬು. ಬೆಟ್ಟದಲ್ಲಿ ದಾರಿ ತಪ್ಪಿದವರು, ಮನೆಯಲ್ಲಿ ಜಗಳವಾಡಿ ಬೆಟ್ಟ ಹತ್ತಿದವರು, ಯಾರಾದರೂ ಸರಿ. ಅವತ್ತು ಏಳು ಗಂಟೆಗೆ ಸರ್ವೇಯರ್ ಹೆಂಡತಿ ಬಂದು ಬಾಗಿಲು ಬಡಿದರು.

"ನಮ್ಮನೆಯವರು ಬಂದಿಲ್ಲ ಅಣ್ಣಾ. ಕಣಿವೆಗೆ ಹೋಗಿ ನಾಲ್ಕು ದಿನ ಆಯ್ತು."

"ಗೇಟಲ್ಲಿ ಕೇಳಿದ್ರಾ?"

"ಕೇಳ್ದೆ. ವಾಪಸ್ ಬಂದಿದ್ದಾರೆ ಅಂತಾರೆ. ಬಿಲ್ಲೆ ತೋರಿಸ್ತಾರೆ."

"ಪೊಲೀಸರು?"

"ಯಾರ ಜೊತೆಗೋ ಓಡಿಹೋಗಿರ್ಬೇಕು ಅಂದ್ರು... ನಕ್ಕರು ಅಣ್ಣಾ!"

ಬಿಲ್ಲೆ ಎಂದರೆ ಹಿತ್ತಾಳೆ ಬಿಲ್ಲೆ. ಕಣಿವೆಯ ಗೇಟಿನ ಆಫೀಸಿನಲ್ಲಿ ಒಂದು ಹಲಗೆ ಇದೆ. ಅರವತ್ತು ಮೊಳೆ, ಅರವತ್ತು ಬಿಲ್ಲೆ. ಒಳಗೆ ಹೋಗುವವನು ಒಂದನ್ನು ಕೊರಳಿಗೆ ಹಾಕಿಕೊಳ್ಳಬೇಕು. ವಾಪಸ್ ಬಂದಾಗ ಅದನ್ನು ಅದೇ ನಂಬರಿನ ಮೊಳೆಗೆ ಹಾಕಬೇಕು. ಸಂಜೆ ಆರಕ್ಕೆ ಒಂದು ಮೊಳೆ ಖಾಲಿ ಇದ್ದರೂ ಸೈರನ್ ಊದುತ್ತಾರೆ, ಜನ ಹುಡುಕಲು ಇಳಿಯುತ್ತಾರೆ. ಎಲ್ಲ ತುಂಬಿದ್ದರೆ ಬೀಗ ಹಾಕಿಕೊಂಡು ಮನೆಗೆ ಹೋಗುತ್ತಾರೆ.

ಆ ಗೇಟು ನಮ್ಮ ಭಾವನ ಉಸ್ತುವಾರಿ. ಊರೆಲ್ಲ ಮೇಸ್ತ್ರಿ ಅನ್ನುತ್ತದೆ. ಕಾಲುದಾರಿ ರಿಪೇರಿ, ಏಣಿ, ಸರಪಳಿ, ಬಿಲ್ಲೆ, ಎಲ್ಲವೂ ಅವರದೇ. ನನಗೆ ಹಗ್ಗ ಹಿಡಿಯಲು ಕಲಿಸಿದ್ದೂ ಅವರೇ. ಒಮ್ಮೆ ಕಣಿವೆಗೆ ನೀರು ನುಗ್ಗಿದಾಗ ಜುಟ್ಟು ಹಿಡಿದು ನನ್ನನ್ನು ಮೇಲೆತ್ತಿದ್ದೂ ಅವರೇ.

ಹಲಗೆ ನೋಡಿಕೊಳ್ಳುವವಳು ನನ್ನ ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ತಲೆ ಬಾಚಿ, ತುತ್ತು ಕೊಟ್ಟು ಸಾಕಿದವಳು ಅವಳೇ.

ಗೇಟಿಗೆ ಹೋಗಿ ಹಲಗೆ ನೋಡಿದೆ. ಹದಿನೇಳನೇ ಮೊಳೆ, ಸರ್ವೇಯರ್‌ದು. ಬಿಲ್ಲೆ ಇತ್ತು, ಮಗುಚಿಕೊಂಡಿತ್ತು. ತಿರುಗಿಸಿ ನೋಡಿದೆ. ಹದಿನೇಳೇ.

ಅಕ್ಕ ಯಾವ ಬಿಲ್ಲೆಯನ್ನೂ ಮುಖ ಗೋಡೆ ಕಡೆಗೆ ಮಾಡಿಯೇ ಹಾಕುವುದು. ಬಿಸಿಲಿಗೆ ನಂಬರ್ ಮಾಸುತ್ತದಂತೆ! ಭಾವ ಅದಕ್ಕೆ ದಿನಾ ರೇಗುವರು.

"ನಂಬರ್ ಕಾಣದಿದ್ರೆ ಹಲಗೆ ಯಾಕೆ ಬೇಕು ಮಾರಾಯ್ತಿ?" ಅವತ್ತೂ ರೇಗಿದರು. ಆಮೇಲೆ ನನ್ನ ಕಡೆ ತಿರುಗಿ, "ಎಡಗಣಿವೆಗೆ ತಲೆ ಹಾಕ್ಬೇಡ. ಬಂಡೆ ಸಡಿಲ ಆಗಿದೆ. ಬಲಗಡೆ ಹುಡುಕು" ಅಂದರು.

"ಸರಿ ಭಾವ."

ಅಕ್ಕ ಇಪ್ಪತ್ತಮೂರನೇ ಬಿಲ್ಲೆಯನ್ನು ಒರೆಸಿ ನನ್ನ ಕೊರಳಿಗೆ ತಾನೇ ಹಾಕಿದಳು.

"ಐದಕ್ಕೆಲ್ಲ ಬಂದ್ಬಿಡೋ. ಊಟ ಎತ್ತಿಟ್ಟಿರ್ತೀನಿ."

ಬಲಗಡೆಗೇ ಹೊರಟವನು ನಾನು, ಆಣೆ! ಆದರೆ ಸರ್ವೇಯರ್ ಬಿರುಕು ಕಂಡಲ್ಲೆಲ್ಲ ನೀಲಿ ಚಾಕ್‌ನಲ್ಲಿ ಇಂಟು ಮಾರ್ಕ್ ಹಾಕುತ್ತಾನೆ ಅಂತ ಅವನ ಹೆಂಡತಿ ಹೇಳಿದ್ದರು. ಕವಲು ದಾರಿಯಲ್ಲಿ ಮಾರ್ಕುಗಳು ಎಡಕ್ಕೆ ತಿರುಗಿದ್ದವು. ನಾನೂ ತಿರುಗಿದೆ. ಭಾವನ ಮಾತು ಮೀರಿದ್ದು ಅದೇ ಮೊದಲು.

ಈಗ ಸಂದಿಗೆ ಬನ್ನಿ.

ನರಳುತ್ತಿದ್ದವನು ಸರ್ವೇಯರ್! ಬಲಗಾಲು ಮುರಿದಿತ್ತು. ತುಟಿ ಒಡೆದಿತ್ತು. ಬಂಡೆಯಿಂದ ತೊಟ್ಟಿಕ್ಕುವ ನೀರು ನೆಕ್ಕಿಕೊಂಡು ನಾಲ್ಕು ದಿನ ಜೀವ ಹಿಡಿದಿದ್ದ.

ನನ್ನ ಬಾಟಲಿ ಅವನ ಬಾಯಿಗಿಟ್ಟೆ. ಆಗ ಅವನ ಕೊರಳು ನೋಡಿದೆ.

ಹಿತ್ತಾಳೆ ಬಿಲ್ಲೆ. ಹದಿನೇಳು!

ಬೆಳಿಗ್ಗೆ ಅದನ್ನೇ ಹಲಗೆಯ ಮೇಲೆ ನೋಡಿದ್ದೆನಲ್ಲ... ಹಿತ್ತಾಳೆಗೆ ನಂಬರ್ ಒತ್ತುವ ಅಚ್ಚು ಊರಿಗೆಲ್ಲ ಒಂದೇ ಸೆಟ್. ಅದು ಇರುವುದು ಭಾವನ ಟೂಲ್ ಬಾಕ್ಸಿನಲ್ಲಿ.

"ಯಾರು ತಳ್ಳಿದ್ದು?" ಕೇಳಿದೆ. ಉತ್ತರ ಬೇಡವಾಗಿತ್ತು.

"ಮೇಸ್ತ್ರಿ..."

"ಯಾಕೆ?"

"ಒಳಗಡೆ ಸಿಡಿಮದ್ದು ಇಟ್ಟು ಕೆಂಪುಕಲ್ಲು ತೆಗೀತಿದ್ದಾರೆ. ಕದ್ದು. ಅದಕ್ಕೇ ದಾರಿಯೆಲ್ಲ ಬಿರುಕು ಬಿಡ್ತಿರೋದು. ರಿಪೋರ್ಟ್ ಬರೀತೀನಿ ಅಂದೆ... ಆಯ್ತು ಬರೀರಿ ಅಂದ. ತಿರುಗಿದೆ. ತಳ್ಳಿದ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಲ್ಲಿಯವರೆಗೆ ಭಾವ ನನ್ನ ಬಾಯಲ್ಲಿ 'ಅವರು'. ಅಲ್ಲಿಂದ ಮುಂದೆ 'ಅವನು'.

ಕೈ ನನ್ನ ಕೊರಳಿಗೆ ಹೋಯಿತು. ಒಂದು ಹದಿನೇಳು ಮಾಡಿದವನಿಗೆ ಒಂದು ಇಪ್ಪತ್ತಮೂರು ಮಾಡುವುದು ಎಷ್ಟು ಹೊತ್ತಿನ ಕೆಲಸ? ಸಂಜೆ ಸೈರನ್ ಊದುವುದಿಲ್ಲ. ಯಾರೂ ಬರುವುದಿಲ್ಲ. ಈ ಮನುಷ್ಯ ಇನ್ನೊಂದು ರಾತ್ರಿ ತಡೆಯುವುದಿಲ್ಲ.

"ನಡೀರಿ ಸರ್ವೇಯರ್ ಸಾಹೇಬ್ರೇ!"

"ಎಲ್ಲಿಗೆ? ಹೇಗೆ?"

"ಮನೆಗೆ. ನನ್ನ ಬೆನ್ನ ಮೇಲೆ."

ಕತ್ತರಿಸಿ ಎಸೆದ ಹಗ್ಗ ಕೆಲಸಕ್ಕೆ ಬಂತು. ಅವನನ್ನು ಬೆನ್ನಿಗೆ ಬಿಗಿದುಕೊಂಡೆ. ಮೇಲಕ್ಕೆ ದಾರಿ ಇರಲಿಲ್ಲ, ಮುಂದಕ್ಕೆ ಇತ್ತು. ಅಲ್ಲಿ ಕಣಿವೆ ಎಷ್ಟು ಇಕ್ಕಟ್ಟು ಎಂದರೆ ಎರಡೂ ಭುಜ ಬಂಡೆಗೆ ಉಜ್ಜುತ್ತವೆ. ಮೇಲೆ ಬಂಡೆಗಳು ಒಂದಕ್ಕೊಂದು ವಾಲಿಕೊಂಡಿವೆ, ಹಾಗಾಗಿ ಕಲ್ಲೆಸೆಯಲು ಆಗುವುದಿಲ್ಲ. ಎದೆಮಟ್ಟದ ನೀರು. ಐಸ್! ಒಂದೊಂದು ಹೆಜ್ಜೆಗೂ ಸರ್ವೇಯರ್ ಹಲ್ಲು ಕಚ್ಚುವುದು ನನ್ನ ಕಿವಿಗೇ ಕೇಳುತ್ತಿತ್ತು.

ಇನ್ನೊಂದು ಸದ್ದೂ ಕೇಳುತ್ತಿತ್ತು. ಮೇಲೆ, ನಮ್ಮ ಜೊತೆಜೊತೆಗೇ... ಬೂಟಿನ ಸದ್ದು.

"ಬರ್ತಿದಾನೆ..." ಸರ್ವೇಯರ್ ಪಿಸುಗುಟ್ಟಿದ.

"ಬರಲಿ. ದಾರಿ ಕಟ್ಟಿದವನೇ ಅವನಲ್ವಾ."

ಎರಡು ಗಂಟೆ ಹಾಗೇ ನಡೆದೆವು. ನೀರು ಮುಗಿದಲ್ಲಿ ಬಂಡೆಯ ಅಂಚಿನಲ್ಲಿ ಕಾಲುದಾರಿ ಏರುತ್ತದೆ. ಒಂದು ಕಡೆ ಗೋಡೆಗೆ ಬಿಗಿದ ಸರಪಳಿ, ಇನ್ನೊಂದು ಕಡೆ ಏನೂ ಇಲ್ಲ. ಅರ್ಧ ಹತ್ತಿದ್ದೆ. ತಲೆ ಎತ್ತಿದೆ.

ಹತ್ತು ಹೆಜ್ಜೆ ಮೇಲೆ ಭಾವ ನಿಂತಿದ್ದ. ಕೈಯಲ್ಲಿ ಹಾರೆ!

"ಎಡಗಡೆ ಹೋಗ್ಬೇಡ ಅಂದಿದ್ದೆ ಕಣೋ." ಧ್ವನಿ ಬೆಳಿಗ್ಗೆಯದೇ, ಒಂದಿಷ್ಟೂ ಬದಲಾಗಿರಲಿಲ್ಲ.

"ಹದಿನೇಳು ಎರಡು ಹೇಗಾಯ್ತು ಭಾವ?"

"ಅವನನ್ನ ಕೆಳಗೆ ಹಾಕು. ನೀನು ಬಾ. ಮನೆಗೆ ಹೋಗೋಣ."

"ಹಗ್ಗ ಕತ್ತರಿಸಿದ್ದು ಮನೆಗೆ ಕರ್ಕೊಂಡು ಹೋಗೋಕಾ?"

ಅವನು ಹಾರೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಅಕ್ಕನಿಗೆ ಏನಂತ ಹೇಳ್ತಿದ್ರಿ?"

"ಅವಳನ್ನ ಇದಕ್ಕೆ ಎಳೀಬೇಡ! ಅವಳಿಗೆ ಏನೂ ಗೊತ್ತಿಲ್ಲ!"

ಅಬ್ಬಾ ಎನಿಸಿತು. ಅಂಥ ಹೊತ್ತಿನಲ್ಲೂ ನನ್ನ ಜೀವ ತಣ್ಣಗಾಯಿತು. ಕಳ್ಳ ಇವನೊಬ್ಬನೇ, ಮನೆ ಉಳಿಯಿತು ಅಂದುಕೊಂಡೆ.

ಸರ್ವೇಯರ್ ನನ್ನ ಕಿವಿಗೆ ಬಾಯಿಟ್ಟ. "ಎದುರಿಗಿರೋ ಚಪ್ಪಡಿ ನೋಡಿ. ಮಾರ್ಕ್ ನಾನೇ ಹಾಕಿದ್ದು... ತೂಕ ತಡಿಯಲ್ಲ."

ನನಗೂ ಅವನಿಗೂ ನಡುವೆ ಒಂದು ಚಪ್ಪಡಿ. ಅದರ ನಮ್ಮ ಕಡೆಯ ಅಂಚಿನಲ್ಲಿ ನೀಲಿ ಇಂಟು. ಮೇಲಿನಿಂದ ಕಾಣುವುದಿಲ್ಲ. ಭಾವ ಆ ದಾರಿಯಲ್ಲಿ ಸಾವಿರ ಸಲ ಓಡಾಡಿದವನು, ಆದರೆ ಅದು ಸಿಡಿಮದ್ದು ಇಡುವ ಮೊದಲು.

ನಾನು ಒಂದು ಹೆಜ್ಜೆಯೂ ಮುಂದಿಡಲಿಲ್ಲ.

"ಹಾಗಾದ್ರೆ ಬನ್ನಿ ಭಾವ. ದೂರದಿಂದ ಕಲ್ಲು ಹೊಡಿಯೋದಲ್ಲ. ಮುಖ ನೋಡ್ಕೊಂಡು ಹೊಡೀರಿ."

"ನನ್ನ ಕೈಯಲ್ಲಿ ಇದನ್ನ ಮಾಡಿಸ್ಬೇಡ ಕಣೋ..."

"ಮಾಡಿಸ್ತಿರೋದು ನಾನಾ?"

ಬಂದ. ಹಾರೆ ಎತ್ತಿಕೊಂಡೇ ಬಂದ! ಐದು ಹೆಜ್ಜೆ... ಮೂರು... ಕಾಲು ಚಪ್ಪಡಿಯ ಮೇಲೆ ಬಿತ್ತು.

ಲಟ್!

ಚಪ್ಪಡಿ ಕಳಚಿತು. ಹಾರೆ ಹೋಯಿತು. ಅದು ತಳ ಮುಟ್ಟಿದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು. ಭಾವ ಒಂದೇ ಕೈಯಲ್ಲಿ ಸರಪಳಿ ಹಿಡಿದು ನೇತಾಡುತ್ತಿದ್ದ. ಕಣ್ಣು ನನ್ನ ಮೇಲೆ.

ಸುಮ್ಮನೆ ನಿಂತಿದ್ದರೆ ಸಾಕಿತ್ತು ಸ್ವಾಮಿ. ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೆ ಅಕ್ಕನಿಗೆ ಏನು ಹೇಳಲಿ? ಸರ್ವೇಯರ್‌ನನ್ನು ಬಿಚ್ಚಿ ಕೂರಿಸಿ, ಭಾವನ ರಟ್ಟೆ ಹಿಡಿದು ಎಳೆದೆ. ಅದೇ ಹಗ್ಗದ ತುಂಡಿನಿಂದ ಎರಡೂ ಕೈ ಸರಪಳಿಗೆ ಕಟ್ಟಿದೆ. ಆ ಗಂಟು ಅವನೇ ಕಲಿಸಿದ್ದು, ಕಟ್ಟಿಸಿಕೊಂಡವನಿಗೆ ಬಿಚ್ಚಿಕೊಳ್ಳಲು ಬರುವುದಿಲ್ಲ.

"ನಾನೊಬ್ಬನೇ ಕಣೋ ಮಾಡಿದ್ದು," ಅಂದ. ಎರಡು ಸಲ ಅಂದ.

ಚಪ್ಪಡಿ ಬಿದ್ದ ಜಾಗ ಒಂದು ದಾಪು ಅಗಲ. ಸರ್ವೇಯರ್‌ನನ್ನು ಮತ್ತೆ ಹೊತ್ತು, ಸರಪಳಿ ಹಿಡಿದು ದಾಟಿದೆ. ತಿರುಗಿ ನೋಡಲಿಲ್ಲ.

ಗೇಟು ಮುಟ್ಟಿದಾಗ ಆರೂಕಾಲು. ಇನ್ನೂ ಬೆಳಕಿತ್ತು. ಸೈರನ್ ಊದಿರಲಿಲ್ಲ. ಅಕ್ಕ ಬಾಗಿಲ ಬಳಿ ಬೀಗದ ಕೈ ಹಿಡಿದು ನಿಂತಿದ್ದಳು. ಒಳಗೆ ಸರ್ವೇಯರ್ ಹೆಂಡತಿ ಇನ್‌ಸ್ಪೆಕ್ಟರನ್ನು ಹಿಡಿದುಕೊಂಡಿದ್ದರು.

"ನೋಡಿಯಮ್ಮಾ, ಹಲಗೆ ತುಂಬಿದೆ. ನೀವು ಕಳಿಸಿದ ಆ ಪತ್ತೇದಾರಾನೂ ಬಂದಾಯ್ತು. ಮನೇಲಿ ಕಾಲು ಚಾಚಿ ಮಲಗಿರ್ತಾನೆ!"

"ಮಲಗಿಲ್ಲ ಸಾರ್," ಅಂದೆ ಬಾಗಿಲಿನಿಂದ.

ಎಲ್ಲರೂ ತಿರುಗಿದರು. ಸರ್ವೇಯರ್‌ನನ್ನು ಬೆಂಚಿನ ಮೇಲೆ ಇಳಿಸಿದೆ. ಅವನ ಹೆಂಡತಿ ಓಡಿಬಂದು ಎರಡೂ ಕೈಯಲ್ಲಿ ಅವನ ಮುಖ ಹಿಡಿದುಕೊಂಡರು.

"ಕನ್ನಡಕ ಎಲ್ರೀ?" ಅಂದರು. ಆಮೇಲೆ ಅಳಲು ಶುರುಮಾಡಿದರು.

ಇನ್‌ಸ್ಪೆಕ್ಟರಿಗೆ ಎಲ್ಲ ಹೇಳಿದೆ. ಸರ್ವೇಯರ್‌ನ ಹದಿನೇಳನ್ನೂ ಹಲಗೆಯ ಹದಿನೇಳನ್ನೂ ಅವರ ಅಂಗೈಗೆ ಹಾಕಿದೆ. ನಾಲ್ಕು ಜನ ಭಾವನನ್ನು ತರಲು ಓಡಿದರು. ಅಂಬುಲೆನ್ಸಿಗೆ ಫೋನ್ ಹೋಯಿತು.

ಆಮೇಲೆ ಹಲಗೆಯ ಹತ್ತಿರ ಹೋದೆ. ಇಪ್ಪತ್ತಮೂರನೇ ಮೊಳೆ ತುಂಬಿತ್ತು. ಹೊಚ್ಚ ಹೊಸ ಬಿಲ್ಲೆ.

ಮಗುಚಿಕೊಂಡಿತ್ತು. ಮುಖ ಗೋಡೆ ಕಡೆಗೆ.

ಚಪ್ಪಡಿ ಕಳಚಿದಾಗಲೂ ಅಷ್ಟು ಹೆದರಿರಲಿಲ್ಲ ನಾನು.

"ಇದನ್ನ ಹಾಕಿದ್ದೂ ಮೇಸ್ತ್ರೀನೇ ಇರ್ಬೇಕು, ಅಲ್ವೇನಪ್ಪಾ?" ಇನ್‌ಸ್ಪೆಕ್ಟರ್ ಕೇಳಿದರು.

ಅಕ್ಕ ನನ್ನನ್ನೇ ನೋಡುತ್ತಿದ್ದಳು. 'ಹೌದು' ಅಂದಿದ್ದರೆ ಮುಗಿಯುತ್ತಿತ್ತು, ಭಾವ ಆಗಲೇ ತನ್ನ ತಲೆ ಮೇಲೆ ಹಾಕಿಕೊಂಡಾಗಿತ್ತು. ಬೆಂಚಿನ ಮೇಲೆ ಸರ್ವೇಯರ್ ನೀರು ಕೇಳಿದ. ನಾಲ್ಕು ದಿನ ಅವನ ಬಿಲ್ಲೆಯೂ ಹೀಗೇ ಮಗುಚಿಕೊಂಡಿತ್ತು. ಅದನ್ನು ನಾನೇ ತಿರುಗಿಸಿ ನೋಡಿದ್ದೆ!

"ಇಲ್ಲ ಸಾರ್," ಅಂದೆ. "ಮಧ್ಯಾಹ್ನದಿಂದ ಮೇಸ್ತ್ರಿ ನನ್ನ ತಲೆ ಮೇಲೇ ಇದ್ದ."

ಇನ್‌ಸ್ಪೆಕ್ಟರ್ ನಿಧಾನವಾಗಿ ಅಕ್ಕನ ಕಡೆ ತಿರುಗಿದರು.

"ನಿನ್ನನ್ನ ಹೆದರಿಸಿ ಕಳಿಸ್ತೀನಿ ಅಷ್ಟೇ ಅಂದ್ರು ಕಣೋ..." ಅಂದಳು ಅಕ್ಕ.

"ಎಷ್ಟೊತ್ತಿಗೆ ಹಾಕ್ದೆ ಅಕ್ಕ?"

"ಮಧ್ಯಾಹ್ನ ಎರಡರೊಳಗೆ ನಾನು ಬರದಿದ್ರೆ ಹಾಕ್ಬಿಡು ಅಂದಿದ್ರು."

"ಹಾಕ್ದೆ?"

"...ಹಾಕ್ದೆ."

ಎರಡು ಗಂಟೆಗೆ ನನ್ನ ಕಿವಿ ಪಕ್ಕ ಕಲ್ಲು ಹೋಗುತ್ತಿತ್ತು. ಉಂಡ ಮನೆಗೆ ಎರಡು ಬಗೆಯುವವರನ್ನು ನನ್ನ ಕಸುಬಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ತುತ್ತು ಕೊಟ್ಟ ಕೈಯೇ ಹೀಗೆ ಮಾಡಿದ್ದು ನೋಡಿರಲಿಲ್ಲ. ಅಳು ಬಂತು. ಮುಚ್ಚಿಡುವುದೇಕೆ, ಎಲ್ಲರ ಎದುರಿಗೇ ಅತ್ತೆ. ಆಮೇಲೆ ಕೊರಳಿನ ಬಿಲ್ಲೆ ತೆಗೆದು, ಅದೇ ಮೊಳೆಗೆ, ಆ ಹೊಸದರ ಮೇಲೆ ನೇತುಹಾಕಿದೆ. ನಂಬರ್ ಕಾಣುವ ಹಾಗೆ.

ಮಹಿಳಾ ಪೇದೆ ಬಂದು ಅಕ್ಕನ ತೋಳು ಹಿಡಿದಳು. ಬಾಗಿಲಲ್ಲಿ ಅಕ್ಕ ತಿರುಗಿ ನಿಂತಳು. ಬೇರೆ ಏನು ಹೇಳಬೇಕೋ ಅವಳಿಗೆ ತಿಳಿಯಲಿಲ್ಲ ಅಂತ ಕಾಣುತ್ತದೆ.

"ಊಟ ಎತ್ತಿಟ್ಟಿದ್ದೀನಿ ಕಣೋ... ತಿನ್ನು."

"ನನಗಿಂತ ಮೊದಲು ಇನ್ನೊಬ್ಬ ಇಪ್ಪತ್ತಮೂರು ಬಂದಿದ್ದಾನಲ್ಲ ಅಕ್ಕ," ಅಂದೆ. "ಅವನಿಗೇ ಬಡಿಸು."