ಹದಿನೈದು ದಿನ ಅಥವಾ ಒಂದು ವರ್ಷ

ಮಾವನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಹಾಲು ಬಂತು, ಪೇಪರ್ ಬಿತ್ತು. ಅತ್ತೆ ರೂಢಿಯಂತೆ ಮೂರು ಲೋಟಕ್ಕೆ ಕಾಫಿ ಬಗ್ಗಿಸಿ, ಮೂರನೆಯದನ್ನೇ ನೋಡುತ್ತ ನಿಂತರು. ಅವಳು ತನ್ನದನ್ನು ಕುಡಿದಳು, ಆ ಲೋಟವನ್ನೂ ಎತ್ತಿ ಕುಡಿದಳು.

"ಹೊಟ್ಟೆ ಕೆಡತ್ತೆ ಕಣೇ."

"ಕೆಡಲಿ ಬಿಡಿ ಅತ್ತೆ. ಆಫೀಸಿಗೆ ಹೊತ್ತಾಯ್ತು."

ಮೂರು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅವಳನ್ನು ಮನೆಗೆ ಕರೆತಂದವರು ಈ ಸೋದರಮಾವ. ತಮ್ಮ ಕೆಲಸವನ್ನೇ ಅವಳಿಗೂ ಕಲಿಸಿದ್ದರು. ವೃದ್ಧರ ಆರೈಕೆ ಕೇಂದ್ರಗಳಿಗೆ ಹೇಳದೆ ಕೇಳದೆ ಹೋಗಿ, ಅಲ್ಲಿರುವವರು ಚೆನ್ನಾಗಿದ್ದಾರೆಯೇ, ಸುರಕ್ಷಿತವಾಗಿದ್ದಾರೆಯೇ ಎಂದು ನೋಡಿ ವರದಿ ಬರೆಯುವ ಕೆಲಸ. "ಮೊದಲು ಮೂಗು, ಆಮೇಲೆ ಕಣ್ಣು, ಕಟ್ಟಕಡೆಗೆ ಪೆನ್ನು" ಎನ್ನುತ್ತಿದ್ದರು ಮಾವ. ಅವಳ ಮೂಗು, ಕಣ್ಣು, ಪೆನ್ನು ಚೆನ್ನಾಗಿಯೇ ನಡೆಯುತ್ತಿದ್ದವು. ಉಳಿದದ್ದು ಮರಗಟ್ಟಿತ್ತು.

ಅಂದು ಮೇಲಧಿಕಾರಿ ಮಾವನ ಪಟ್ಟಿಯಲ್ಲಿದ್ದ ಒಂದು ಕೇಂದ್ರವನ್ನು ಅವಳಿಗೆ ವಹಿಸಿದರು.

ಬಾಗಿಲು ದಾಟಿದ ಕೂಡಲೇ ಮೂಗು ಕೆಲಸಕ್ಕೆ ತೊಡಗಿತು. ಮೂತ್ರದ ವಾಸನೆ ಇಲ್ಲ. ಅದನ್ನು ಮುಚ್ಚುವ ಫಿನಾಯಿಲಿನ ಘಾಟೂ ಇಲ್ಲ. ಖಾಲಿ ಕೋಣೆಯೊಂದರ ಹಾಸಿಗೆಯ ಮೇಲೆ ಮಲಗಿ, ಪಕ್ಕದ ಕರೆಗಂಟೆ ಒತ್ತಿ, ಗಡಿಯಾರ ನೋಡಿದಳು. ಮೂರು ನಿಮಿಷದೊಳಗೆ ಯಾರಾದರೂ ಬರಬೇಕು ಎಂಬುದು ನಿಯಮ.

ಐವತ್ತನೆಯ ಸೆಕೆಂಡಿಗೆ ಒಬ್ಬ ಓಡಿಬಂದ. ಬಿಳಿ ಅಂಗಿ, ಮೊಣಕೈವರೆಗೆ ಸೋಪಿನ ನೊರೆ.

"ಏನಾಯ್ತು ಅಜ್ಜಿ," ಎಂದವನು ಅವಳನ್ನು ಕಂಡು ನಿಂತೇಬಿಟ್ಟ. "ನೀವು ನಲವತ್ತು ವರ್ಷ ಮೊದಲೇ ಬಂದ್ಬಿಟ್ರಿ."

ಅವಳಿಗೆ ನಗು ಬಂತು. ಮುಚ್ಚಿದ ಕಿಟಕಿಯೊಂದು ಗಾಳಿಗೆ ತಾನಾಗಿ ತೆರೆದ ಹಾಗೆ. ಗಾಬರಿಯಾಗಿ ಎದ್ದು ಕೂತು ಗುರುತಿನ ಚೀಟಿ ತೋರಿಸಿದಳು.

"ತಪಾಸಣೆಯವರಾ? ಒಂದು ನಿಮಿಷ. ಒಬ್ರಿಗೆ ಅರ್ಧ ಗಡ್ಡ ಹೆರೆದು ಬಿಟ್ಟು ಬಂದಿದೀನಿ. ಇನ್ನರ್ಧ ಮುಗಿಸದಿದ್ರೆ ಅವರು ನಿಮಗೇ ದೂರು ಕೊಡ್ತಾರೆ."

"ನೀವು?"

"ಇಲ್ಲಿ ಹೆಡ್ ನರ್ಸ್. ಎಲ್ಲರೂ ಬ್ರದರ್ ಅಂತಾರೆ." ಬಾಗಿಲಲ್ಲಿ ತಿರುಗಿ, ಓರೆಗಣ್ಣಿನಲ್ಲಿ ನೋಡಿದ. "ನೀವೂ ಹಾಗೇ ಅನ್ಬೇಕು ಅಂತ ರೂಲ್ಸ್ ಏನಿಲ್ಲ."

ಅವಳು ಪೆನ್ನಿನ ಮುಚ್ಚಳವನ್ನು ಎರಡು ಸಲ ತೆಗೆದು ಎರಡು ಸಲ ಹಾಕಿದಳು.

ಮಾತ್ರೆಗಳ ಪೆಟ್ಟಿಗೆ ಸರಿಯಿತ್ತು. ಹಾಸಿಗೆ ಹಿಡಿದವರ ಬೆನ್ನಲ್ಲಿ ಹುಣ್ಣಿರಲಿಲ್ಲ, ಉಗುರು ಕತ್ತರಿಸಿದ್ದರು. ತುರ್ತಿಗೆಂದು ಇಟ್ಟಿದ್ದ ಹಿಂದಿನ ಬಾಗಿಲು ಒಮ್ಮೆ ತಳ್ಳಿದ್ದಕ್ಕೇ ತೆರೆಯಿತು. ಅವನು ಪಕ್ಕದಲ್ಲೇ ನಡೆಯುತ್ತಿದ್ದ. ಅವಳು ಬರೆಯುವಾಗ ಹಾಳೆ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ತಲೆಯೆತ್ತಿದರೆ ಗೋಡೆ ನೋಡುತ್ತಿದ್ದ. ಆ ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಕಿಟಕಿಯ ಬಳಿ ಹೆಡ್‌ಮೇಡಂ ಇದ್ದರು, ಶಾಲೆ ನಡೆಸಿ ನಿವೃತ್ತರಾದ ಮುದುಕಿ.

"ಊಟ ಹೇಗಿರತ್ತೆ ಮೇಡಂ?"

"ಉಪ್ಪು ಕಮ್ಮಿ. ಬರ್ಕೊ. ಇನ್ನೊಂದು ಬರ್ಕೊ. ಈ ಬ್ರದರ್ ನೀನು ಬಂದ ಮೇಲೆ ಎರಡು ಸಲ ತಲೆ ಬಾಚ್ಕೊಂಡ."

"ಹೆಡ್‌ಮೇಡಂಗೆ ದೂರದ್ದು ಸರಿಯಾಗಿ ಕಾಣಲ್ಲ," ಅಂದ ಅವನು.

"ದೂರದ್ದೇ ಕಣೋ ನನಗೆ ಕಾಣೋದು. ಹತ್ತಿರದ್ದು ಕಾಣಲ್ಲ."

ಅವನ ಕಿವಿ ಕೆಂಪಾಯಿತು. ಅವಳಿಗೆ ಎದೆ ಹೊಡೆದುಕೊಳ್ಳುವ ಸದ್ದು ಕೇಳಿಸಿತು. ತನ್ನದೇ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು.

ಎಲ್ಲ ಮುಗಿಯಿತು ಎನ್ನುವಾಗ ಅವನೇ ಹೇಳಿದ, "ಇನ್ನೊಂದಿದೆ, ಬನ್ನಿ." ಕೊನೆಯ ಬಚ್ಚಲಿಗೆ ಕರೆದೊಯ್ದು, ಎದ್ದೇಳಲು ಆಸರೆಯಾಗಿ ಗೋಡೆಗೆ ಹಾಕಿದ್ದ ಸ್ಟೀಲ್ ಕಂಬಿ ಹಿಡಿದು ಅಲುಗಾಡಿಸಿದ. ಅದು ಹಲ್ಲಿನ ಹಾಗೆ ಅಲ್ಲಾಡಿತು.

"ಎಲ್ಲರೂ ತಪ್ಪು ಮುಚ್ಚಿಡ್ತಾರೆ. ನೀವು ಕರೆದು ತೋರಿಸ್ತೀರಲ್ಲ?"

"ಮ್ಯಾನೇಜರ್‌ಗೆ ಮೂರು ಸಲ ಬರೆದು ಕೊಟ್ಟೆ. ನನ್ನ ಅಕ್ಷರ ಅವರ ಕಣ್ಣಿಗೆ ಬೀಳಲ್ಲ. ನಿಮ್ಮದು ಬೀಳತ್ತೆ. ಬರೀರಿ."

ಬರೆದಳು. ಬರೆದದ್ದೇ ತಡ, ಮ್ಯಾನೇಜರ್ ತಾವೇ ಅಂಗಡಿಗೆ ಓಡಿ ಉದ್ದನೆಯ ನಾಲ್ಕು ಸ್ಕ್ರೂ ತಂದರು. ಸುರಕ್ಷತೆಯಲ್ಲಿ ಒಂದೇ ತಪ್ಪಿದ್ದರೂ ಹದಿನೈದು ದಿನಕ್ಕೆ ಮತ್ತೆ ತಪಾಸಣೆ. ಸಂಜೆ ಐದರೊಳಗೆ ಸರಿಪಡಿಸಿದರೆ ತಪ್ಪು ಲೆಕ್ಕಕ್ಕಿಲ್ಲ, ಮುಂದಿನ ತಪಾಸಣೆ ಒಂದು ವರ್ಷಕ್ಕೆ.

ಅವನು ಮಂಡಿಯೂರಿ ಕೂತು ಮೂರು ಸ್ಕ್ರೂ ಬಿಗಿದ. ನಾಲ್ಕನೆಯದನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತ. ಗಂಟೆ ಐದಕ್ಕೆ ಹತ್ತು ನಿಮಿಷ.

"ಇದನ್ನ ಹಾಕಿದ್ರೆ ನೀವು ಒಂದು ವರ್ಷ ಬರಲ್ಲ."

"ಬರಲ್ಲ."

"ಹಾಕದಿದ್ರೆ?"

"ಹದಿನೈದು ದಿನಕ್ಕೆ ಬರ್ತೀನಿ." ಹಾಕಬೇಡ ಎಂಬ ಮಾತು ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಮೂರು ವರ್ಷದಲ್ಲಿ ಅವಳು ಬೇಕೆಂದು ಬಯಸಿದ ಮೊದಲ ವಸ್ತು ಅದು, ಹದಿನೈದು ದಿನ. ಬಚ್ಚಲಿನ ಹಸಿ ನೆಲ ನೋಡಿದಳು. "ಅಷ್ಟರಲ್ಲಿ ಯಾರಾದ್ರೂ ಬಿದ್ರೆ?"

"ಅದೇ," ಅಂದ. ಸ್ಕ್ರೂ ಹಾಕಿದ. ಕೊನೆಯ ತಿರುವಿನವರೆಗೆ ಬಿಗಿದ. ಕಂಬಿ ಹಿಡಿದು ತನ್ನ ಇಡೀ ಭಾರ ಬಿಟ್ಟು ಜೋತುಬಿದ್ದ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಅವಳು ವರದಿಯಲ್ಲಿ 'ಸರಿಯಿದೆ' ಎಂದು ಬರೆದಳು. ತನಗೇ ಅಷ್ಟು ಬೇಡವಾಗಿದ್ದನ್ನು ಅವನು ಅಷ್ಟು ಗಟ್ಟಿಯಾಗಿ ಬಿಗಿದದ್ದಕ್ಕೇ ಅವನು ಅವಳ ಎದೆಗೆ ಇಳಿದುಬಿಟ್ಟಿದ್ದ. ಗೇಟಿನವರೆಗೆ ಬಂದ ಅವನು ಏನನ್ನೂ ಕೇಳಲಿಲ್ಲ. ಪರೀಕ್ಷೆ ಮಾಡುವವಳನ್ನು ಪರೀಕ್ಷೆಗೊಳಗಾದವನು ಏನು ಕೇಳಬಹುದು?

ಮರುದಿನ ಬೆಳಿಗ್ಗೆ ಅವಳು ಮೇಲಧಿಕಾರಿಗೆ ಒಂದು ಸಾಲಿನ ಪತ್ರ ಕೊಟ್ಟಳು. ಕೊಟ್ಟಮೇಲೆ ಇಡೀ ದಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಆದರೆ ಆ ಗೇಟಿಗೆ ಮತ್ತೆ ಹೋಗುವುದು ಹೇಗೆ, ಏನೆಂದು ಹೇಳಿಕೊಂಡು? ಅದಕ್ಕೆ ಯಾವ ಫಾರಮ್ಮೂ ಇರಲಿಲ್ಲ.

ಶನಿವಾರ ಅತ್ತೆ ಬೀರು ತೆಗೆದು ಮಾವನ ಬಟ್ಟೆ ವಿಂಗಡಿಸುತ್ತಿದ್ದರು. ಹೊದಿಕೆಗಳ ಅಡಿಯಿಂದ ಒಂದು ಡಬ್ಬಿ ತೆಗೆದು ಅವಳ ಮುಂದಿಟ್ಟರು. ಒಳಗೆ ಗುಲಾಬಿ ಫ್ರೇಮಿನ ಹೆಂಗಸರ ಕನ್ನಡಕ.

"ಹೋದ ವರ್ಷ ಇವರ ಬ್ಯಾಗಲ್ಲಿ ಸಿಕ್ತು. ಯಾರದ್ದು ಅಂತ ಕೇಳೋಕೆ ಮಾನ ಅಡ್ಡ ಬಂತು. ಬಚ್ಚಿಟ್ಟೆ. ಪಾಪ, ಮನೆಯೆಲ್ಲ ಹುಡುಕಿದ್ರು. ಏನು ಹುಡುಕ್ತಿದೀರಿ ಅಂದ್ರೆ ಏನಿಲ್ಲ ಅಂದ್ರು. ಆಗಂತೂ ನನಗೆ ಅನುಮಾನ ಗಟ್ಟಿಯಾಯ್ತು."

ಒರೆಸುವ ಬಟ್ಟೆಯ ಕೆಳಗೆ ಮಡಚಿದ ಚೀಟಿಯಿತ್ತು. ಮಾವನ ಅಕ್ಷರ. 'ನನ್ನ ಕನ್ನಡಕ ಮರೆತು ಹೋಗಿದ್ದೆ. ವರದಿ ಬರೆಯಲು ಹೆಡ್‌ಮೇಡಂ ತಮ್ಮ ಓದುವ ಕನ್ನಡಕ ಕೊಟ್ಟರು. ಹಾಕಿಕೊಂಡೇ ಬಂದುಬಿಟ್ಟೆ. ನಾಳೆಯೇ ಕೊಡಬೇಕು.' ಕೆಳಗೆ ಆ ಕೇಂದ್ರದ ಹೆಸರು.

ಅವಳು ಓದಿ ಹೇಳಿದಳು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗುತ್ತ ನಗುತ್ತ ಅತ್ತರು.

"ತಪಾಸಣೆಗೆ ಹೋದಲ್ಲಿ ಒಂದು ಲೋಟ ನೀರೂ ಮುಟ್ಟದ ಮನುಷ್ಯ. ಮುದುಕಿ ಕನ್ನಡಕ ಕದ್ದು ತಂದೆ ಅಂತ ಹೇಳೋಕೆ ನಾಚಿಕೆ." ಕಣ್ಣೊರೆಸಿಕೊಂಡು ಅವಳನ್ನು ದಿಟ್ಟಿಸಿದರು. "ನೀನ್ಯಾಕೆ ಕೆಂಪಗಾದೆ?"

"ಬಿಸಿಲು."

"ಮನೆಯೊಳಗೆ?" ಅತ್ತೆ ಡಬ್ಬಿ ಮುಚ್ಚಿ ಅವಳ ಕೈಗಿಟ್ಟರು. "ನಾಳೆಯೇ ಹೋಗಿ ಕೊಟ್ಟು ಬಾ. ಆ ಬೂದಿ ಬಣ್ಣದ ಸೀರೆ ಬೇಡ, ಬೇರೆ ಏನಾದ್ರೂ ಉಟ್ಕೊ."

ಭಾನುವಾರ ಗೇಟು ತೆರೆದವನು ಅವನೇ. ಅವಳ ಕೈಯಲ್ಲಿ ಫೈಲು ಇಲ್ಲದ್ದನ್ನು ನೋಡಿದ. ಮುಖದಲ್ಲಿ ಬೆಳಕು ಬಂದು, ಹೋಗಿ, ಮತ್ತೆ ಬಂತು.

"ಒಂದು ವರ್ಷ ಇಷ್ಟು ಬೇಗ ಆಯ್ತಾ?"

"ಮುಂದಿನ ವರ್ಷ ಬೇರೆಯವರು ಬರ್ತಾರೆ. ಈ ಕೇಂದ್ರ ನನಗೆ ಬೇಡ ಅಂತ ಬರೆದುಕೊಟ್ಟೆ."

ಅವನ ನಗು ಇಳಿಯಿತು. "ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ನಿಮ್ಮಿಂದಲೇ. ಇಲ್ಲಿಯ ಹೆಡ್ ನರ್ಸ್ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ ಅಂತ ಬರೆದೆ."

ಅವನು ಗೇಟಿನ ಸರಳು ಹಿಡಿದುಕೊಂಡ. "ಆಫೀಸಿಗೇ?"

"ಮೂರು ಪ್ರತಿ. ಸಹಿ ಸಮೇತ."

"ಹಾಗಾದ್ರೆ ನನ್ನದನ್ನೂ ಬರ್ಕೊಳ್ಳಿ," ಅಂದ ಮೆಲ್ಲಗೆ. "ಆವತ್ತು ಆ ಸ್ಕ್ರೂ ಹಾಕುವಾಗ ನನ್ನ ಹೊಟ್ಟೆ ಉರೀತಿತ್ತು."

"ನನ್ನದೂ."

ಒಳಗಿನಿಂದ ಹೆಡ್‌ಮೇಡಂ ಕೂಗಿದರು. "ಯಾರೋ ಅದು, ಬಾಗಿಲಲ್ಲೇ ನಿಲ್ಲಿಸಿ ಪಾಠ ಹೇಳ್ತಿದೀಯಾ?"

ಅವನು ಗೇಟನ್ನು ಪೂರ್ತಿ ತೆರೆದ. ಇಬ್ಬರೂ ಕಿಟಕಿಯ ಬಳಿಗೆ ನಡೆದರು. ಅವಳು ಬಾಗಿ, ಆ ಸುಕ್ಕುಗಟ್ಟಿದ ಅಂಗೈಯಲ್ಲಿ ಡಬ್ಬಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮುಚ್ಚಿದಳು.

"ನಮ್ಮ ಮಾವ ತಗೊಂಡು ಹೋಗಿದ್ರಂತೆ ಮೇಡಂ. ಮರುದಿನವೇ ಕೊಡಬೇಕು ಅಂತಿದ್ರು."