ದೊಡ್ಡ ಸಾಹೇಬರ ಕುರ್ಚಿ

ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಐಸ್‌ಕ್ರೀಂ ಕಾರ್ಖಾನೆಯ ಕಾವಲುಗಾರ ಏದುಸಿರು ಬಿಡುತ್ತಾ ಠಾಣೆಗೆ ಬಂದ. ಮ್ಯಾನೇಜರರನ್ನು ಯಾರೋ ಕೋಲ್ಡ್ ರೂಮಿನಲ್ಲಿ ಕೂಡಿಹಾಕಿದ್ದರಂತೆ. ಹೊರತೆಗೆಯುವ ಹೊತ್ತಿಗೆ ಅವರಿಗೆ ಪ್ರಜ್ಞೆ ತಪ್ಪಿತ್ತು.

"ಈಗೆಲ್ಲಿದ್ದಾರೆ ಮ್ಯಾನೇಜರು?" ಇನ್‌ಸ್ಪೆಕ್ಟರ್ ಕೇಳಿದರು.

"ಆಸ್ಪತ್ರೇಲಿ ಸಾರ್. ನಿಜವಾದ ಮ್ಯಾನೇಜರು ಮನೇಲಿದ್ದಾರೆ."

"ಆಸ್ಪತ್ರೇಲಿರೋದು ಸುಳ್ಳು ಮ್ಯಾನೇಜರಾ?"

"ಇಲ್ಲ ಸಾರ್, ಅವರೂ ನಿಜಾನೇ. ದೊಡ್ಡ ಸಾಹೇಬರಿಗೆ ಲಕ್ವ ಹೊಡೀತಲ್ಲ, ಅವರು ವಾಪಸ್ ಬರೋ ತನಕ ಅಂತ ಇವರನ್ನ ಹಾಕಿದ್ದಾರೆ. ಇವರಿಗಿಂತ ಮುಂಚೆ ಇನ್ನೂ ಇಬ್ಬರು ಬಂದು ಹೋದರು."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟ. "ಸಾರ್, ಒಟ್ಟು ನಾಲ್ಕು ಜನ ಆದರು. ನೊಂದವರು ಎಷ್ಟನೆಯವರು ಅಂತ ಬರೀಲಿ?"

ಎಫ್‌ಐಆರ್ ದಾಖಲಾಯಿತು. ನಾಲ್ಕೂಕಾಲಕ್ಕೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ಕಾರ್ಖಾನೆ ಮುಟ್ಟಿದರು. ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಕೋಲ್ಡ್ ರೂಮಿನ ಬಾಗಿಲನ್ನು ಒಳಗಿನಿಂದ ಹಿಡಿ ಒತ್ತಿ ತೆರೆಯಬಹುದು. ಹೊರಗಿನ ಚಿಲಕಕ್ಕೆ ಏನಾದರೂ ಸಿಕ್ಕಿಸಿದರೆ ಮಾತ್ರ ಆಗದು. ಚಿಲಕದ ತೂತಿಗೆ ಬೆರಳುದ್ದದ ಬೋಲ್ಟು ತೂರಿಸಲಾಗಿತ್ತು. ಅಪಾಯ ಬಂದರೆ ಒತ್ತಲೆಂದು ಒಳಗೊಂದು ಗಂಟೆಯ ಗುಂಡಿ ಇತ್ತು. ಹೆಡ್ ಕಾನ್‌ಸ್ಟೆಬಲ್ ಒತ್ತಿದ. ಸದ್ದಿಲ್ಲ. ಅದು ಕೆಟ್ಟು ತಿಂಗಳಾಯಿತೆಂದು ಕಾರ್ಖಾನೆಯ ಮೆಕ್ಯಾನಿಕ್ ತಲೆ ಕೆರೆದುಕೊಂಡ. ಬಾಗಿಲು ಗೇಣುದಪ್ಪ; ಒಳಗಿನ ಕೂಗು ಹೊರಗೆ ಕೇಳದು.

"ಒಳಗಿದ್ದಾರೆ ಅಂತ ನಿನಗೆ ಹೇಗೆ ಗೊತ್ತಾಯ್ತು?" ಇನ್‌ಸ್ಪೆಕ್ಟರ್ ಕಾವಲುಗಾರನನ್ನು ಕೇಳಿದರು.

"ಕಾರ್ಖಾನೆ ಒಳಗಿನ ಲೈನಲ್ಲೇ ಫೋನ್ ಬಂತು ಸಾರ್. ಹೆಂಗಸಿನ ದನಿ. 'ಸಾಹೇಬರು ಕೋಲ್ಡ್ ರೂಮಲ್ಲಿದ್ದಾರೆ, ಬೇಗ ಹೋಗಿ' ಅಂದ್ರು. ಸಾಹೇಬರು ಅಂದ್ರೆ ನನಗೆ ದೊಡ್ಡ ಸಾಹೇಬರೇ. ಅವರು ಮನೇಲಿ ಮಲಗಿರುವಾಗ ಇಲ್ಲೆಲ್ಲಿಂದ ಬರ್ತಾರೆ, ಯಾರೋ ತಮಾಷೆ ಮಾಡ್ತಿದ್ದಾರೆ ಅಂತ ಇಟ್ಟುಬಿಟ್ಟೆ."

"ಆಮೇಲೆ?"

"ಹತ್ತು ನಿಮಿಷ ಬಿಟ್ಟು ಮತ್ತೆ ಬಂತು. ಅಳ್ತಾ ಇದ್ರು. 'ಅಯ್ಯೋ, ಹಂಗಾಮಿಯವರು, ಹಂಗಾಮಿಯವರು' ಅಂದ್ರು. ಆಗ ಓಡಿದೆ."

ಕೂಡಿಹಾಕಿದವರು ಒಬ್ಬರು, ಕಾಪಾಡಿದವರು ಇನ್ನೊಬ್ಬರೋ? ಇನ್‌ಸ್ಪೆಕ್ಟರಿಗೆ ತಲೆಬುಡ ತಿಳಿಯಲಿಲ್ಲ.

ಸಂಜೆ ಆಸ್ಪತ್ರೆಯಲ್ಲಿ ಗಾಯಾಳುವಿನ ಹೇಳಿಕೆ ಪಡೆಯುವಾಗ ಗೊಂದಲ ಇನ್ನಷ್ಟು ಹೆಚ್ಚಿತು. ಚಳಿಗೆ ಮರಗಟ್ಟಿದ ಅವರ ಎರಡೂ ಕೈಗೆ ಬ್ಯಾಂಡೇಜು ಸುತ್ತಿದ್ದರು.

"ಯಾರ ಮೇಲಾದರೂ ಅನುಮಾನ?"

"ಇಲ್ಲ. ಎಲ್ಲರೂ ಚೆನ್ನಾಗೇ ಇದ್ದಾರೆ. ಹೋದ ವಾರವಷ್ಟೇ ನನ್ನನ್ನ ಕಾಯಂ ಮಾಡ್ತೀವಿ ಅಂತ ಕಂಪನಿಯವರು ಹೇಳಿದರು. ಸೋಮವಾರ ಸಿಹಿ ಹಂಚಿದೆ. ಎಲ್ಲರೂ ತಿಂದರು."

ಕೆಲಸಗಾರರೂ ಅದನ್ನೇ ಹೇಳಿದರು. ಮೊದಲು ಬಂದವನು ಬಾಯಿ ತೆರೆದರೆ ಬೈಗುಳ. ಎರಡನೆಯವನು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ. ಇಬ್ಬರೂ ಕೂದಲು ಕೊಂಕದೆ ಬೇರೆ ಊರಿನ ಕೆಲಸಗಳಿಗೆ ಹೋಗಿದ್ದರು. ಮೂರನೆಯವರು ಬಂದ ಮೇಲೆ ಯಂತ್ರಗಳು ನಿಂತಿರಲಿಲ್ಲ, ಜಗಳಗಳು ನಿಂತಿದ್ದವು.

"ಬೈಯ್ಯೋನನ್ನ ಬಿಟ್ಟು ಒಳ್ಳೆಯವರನ್ನ ಯಾಕಪ್ಪ ಹಿಡಿದರು?" ಜೀಪಿನಲ್ಲಿ ಇನ್‌ಸ್ಪೆಕ್ಟರ್ ಗೊಣಗಿದರು.

"ಒಳ್ಳೆಯವರು ಅಂತಲೇ ಇರಬಹುದು ಸಾರ್," ಎಂದಳು ಮಹಿಳಾ ಕಾನ್‌ಸ್ಟೆಬಲ್. "ಕೆಟ್ಟವರು ತಾವೇ ಹೋಗ್ತಾರೆ. ಒಳ್ಳೆಯವರು ಉಳಿದುಬಿಡ್ತಾರೆ."

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಕಾರ್ಖಾನೆಯ ಕಚೇರಿಗೆ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ, ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದರು: ನಿನ್ನೆ ಏನಾಯ್ತು? ಪ್ಯಾಕಿಂಗಿನವರು, ಗುಡಿಸುವವರು, ಕಚೇರಿಯ ಟೈಪಿಸ್ಟ್, ಎಲ್ಲರ ಬಾಯಲ್ಲೂ ಗಾಯಾಳು 'ಹೊಸ ಸಾಹೇಬರು'. ಕೊನೆಗೆ ಪ್ರಯೋಗಾಲಯದಲ್ಲಿ ರುಚಿ, ಹದ ಪರೀಕ್ಷಿಸುವ ಹುಡುಗಿ ಬಂದಳು. ದೊಡ್ಡ ಸಾಹೇಬರ ಮಗಳು. ನಿದ್ದೆಯಿಲ್ಲದ ಕಣ್ಣು.

"ಊಟದ ಬೆಲ್ ಆಗಿತ್ತು. ಹಂಗಾಮಿಯವರು ಉಷ್ಣಾಂಶ ನೋಡಕ್ಕೆ ಒಳಗೆ ಹೋದರು..."

"ಯಾರು ಹೋದರು?"

"ಹಂಗಾಮಿಯವರು."

ಇನ್‌ಸ್ಪೆಕ್ಟರ್ ಕಾವಲುಗಾರನ ಹೇಳಿಕೆಯ ಹಾಳೆ ತೆಗೆದು ನೋಡಿದರು. "ಆರು ತಿಂಗಳಿಂದ ಇಲ್ಲಿದ್ದಾರೆ. ಎಲ್ಲರಿಗೂ ಅವರು ಹೊಸ ಸಾಹೇಬರು. ನಿಮಗೊಬ್ಬರಿಗೇ ಯಾಕಮ್ಮ ಇನ್ನೂ ಹಂಗಾಮಿ?"

ಮಹಿಳಾ ಕಾನ್‌ಸ್ಟೆಬಲ್ ನೀರು ಕೊಟ್ಟಳು. ಹುಡುಗಿ ಲೋಟವನ್ನು ಕುಡಿಯದೆ ಮೇಜಿನ ಮೇಲಿಟ್ಟಳು.

"ಬೋಲ್ಟು ಹಾಕಿದಾಗ, ಒಳಗಿನ ಬೆಲ್ ಹೊಡೀತಾರೆ ಅಂದ್ಕೊಂಡಿದ್ದೆ ಸಾರ್. ಎಲ್ಲರೂ ಓಡಿ ಬರ್ತಾರೆ, ಅವರು ಹೆದರಿ ಈ ಕೆಲಸ ಬೇಡ ಅಂತ ಹೋಗ್ತಾರೆ ಅಂದ್ಕೊಂಡೆ. ಬೆಲ್ ಹೊಡೀಲೇ ಇಲ್ಲ. ತೆಗೆಯೋಣ ಅಂತ ಹೋದರೆ ಬಾಗಿಲ ಮುಂದೆ ಲೋಡಿಂಗಿನವರು ಕೂತು ಊಟ ಮಾಡ್ತಿದ್ರು. ಅವರ ಮುಂದೆ ನಾನೇ ಬೋಲ್ಟು ತೆಗೆದರೆ... ಅದಕ್ಕೇ ಫೋನ್ ಮಾಡಿದೆ. ಕಾವಲುಗಾರ ನಗ್ತಾ ಇಟ್ಟುಬಿಟ್ಟ."

"ಅವರು ಹೋದರೆ ನಿಮಗೇನು ಲಾಭ?"

"ಅಪ್ಪ ದಿನಾ ಬೆಳಿಗ್ಗೆ ಗೋಡೆ ಹಿಡಕೊಂಡು ನಡೀತಾರೆ. ಬಿದ್ದರೂ ಏಳ್ತಾರೆ. ಕುರ್ಚಿ ತಮಗಾಗಿ ಕಾಯ್ತಿದೆ ಅಂತ ಏಳ್ತಾರೆ ಸಾರ್. ಅದು ಇನ್ನೊಬ್ಬರದಾಯ್ತು ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ಹನ್ನೊಂದೂವರೆಗೆ ಅವಳನ್ನು ದಸ್ತಗಿರಿ ಮಾಡಲಾಯಿತು. ಆರೋಪ: ಅಕ್ರಮ ಬಂಧನ, ಜೀವಕ್ಕೆ ಅಪಾಯ ತಂದದ್ದು. ಪ್ಯಾಕಿಂಗಿನ ಹೆಂಗಸರು ಸಾಲಾಗಿ ನಿಂತು ನೋಡಿದರು. ಯಾರಿಗೂ ಯಾರ ಪರ ನಿಲ್ಲಬೇಕೆಂದು ತೋಚಲಿಲ್ಲ.

ವಿಷಯ ಮನೆಯವರಿಗೆ ತಿಳಿಸಲೇಬೇಕು. ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್‌ನೊಂದಿಗೆ ತಾವೇ ಹೋದರು. ದೊಡ್ಡ ಸಾಹೇಬರು ಬನಿಯನ್ನಿನಲ್ಲಿ ಕಿಟಕಿಯ ಬಳಿ ಕೂತಿದ್ದರು. ಎಲ್ಲವನ್ನೂ ಕೇಳಿದ ಮೇಲೆ ಲಕ್ವ ಹೊಡೆದ ಬಾಯಿಂದ ಒಂದೊಂದೇ ಮಾತು ಹೊರಬಿತ್ತು.

"ಅವರಿಗೆ... ಕೈ ಉಳಿಯುತ್ತಾ?"

"ಉಳಿಯುತ್ತೆ ಅಂದಿದ್ದಾರೆ ಡಾಕ್ಟರು."

"ಅವರನ್ನೇ ಕಾಯಂ ಮಾಡಿ ಅಂತ... ನಾನೇ ಹೇಳಿ ಕಳಿಸಿದ್ದೆ. ನನ್ನ ಕೈಲಾಗಲ್ಲ. ಹೋದ ತಿಂಗಳೇ ಗೊತ್ತಾಯ್ತು."

"ಮಗಳಿಗೆ ಹೇಳಲಿಲ್ಲವಾ?"

"ದಿನಾ ನನ್ನ ನಡಿಗೆ ನೋಡ್ತಾ ನಿಂತಿರ್ತಾಳೆ. ಇವತ್ತು ಎರಡು ಹೆಜ್ಜೆ ಜಾಸ್ತಿ ಅಪ್ಪ, ಅಂತಾಳೆ. ಆ ಮುಖ ನೋಡಿ... ಹೇಗೆ ಹೇಳ್ಲಿ? ಅವಳಿಗೋಸ್ಕರ ನಡೀತಿದ್ದೆ."

ಇನ್‌ಸ್ಪೆಕ್ಟರ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು. ಮುದುಕರು ಕಿಟಕಿಯ ಸರಳು ಹಿಡಿದು ಎದ್ದರು. ಬಾಗಿಲ ಹಿಂದಿನ ಮೊಳೆಯಿಂದ ಇಸ್ತ್ರಿ ಮಾಡಿದ ಅಂಗಿ ತೆಗೆದು ತೋಳಿಗೆ ತೂರಿಸಿಕೊಂಡರು. ಗುಂಡಿ ಹಾಕಲು ಬೆರಳು ಕೇಳಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಮುಂದೆ ಬಂದು, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಗುಂಡಿ ಹಾಕಿದ.

"ಠಾಣೆ ಎಷ್ಟು ದೂರ?" ಎಂದರು ಅವರು.

"ಜೀಪಿದೆ ಸಾರ್," ಎಂದ ಹೆಡ್ ಕಾನ್‌ಸ್ಟೆಬಲ್.