ಕಾಣೆಯಾದ ಐನೂರು ಉಲ್ಲೇಖಗಳು

"ಇವತ್ತಿನಿಂದ ನಾವಿಬ್ಬರೂ ಮಾತಾಡೋ ಹಾಗಿಲ್ಲ."

ಅವನು ಅವಳಿಗೆ ಹೇಳಿದ ಮೊಟ್ಟಮೊದಲ ಮಾತು ಇದು. ನಮಸ್ಕಾರ ಇಲ್ಲ, ಪರಿಚಯ ಇಲ್ಲ, ಕೂತುಕೊಳ್ಳಿ ಎನ್ನುವ ಉಪಚಾರವೂ ಇಲ್ಲ.

ಆಸ್ಪತ್ರೆಯ ನಾಲ್ಕನೆಯ ಮಹಡಿಯ ಸಂಶೋಧನಾ ಕೋಣೆಗೆ ಅವಳು ಕಾಲಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಕೈಯಲ್ಲಿ ಲೈಬ್ರರಿಯ ಲ್ಯಾಪ್‌ಟಾಪ್, ಎದೆಯಲ್ಲಿ ಹೊಸ ಕೆಲಸದ ಢವಢವ. ಕಿಟಕಿಯ ಪಕ್ಕ ಕೂತಿದ್ದವನು ತಲೆ ಎತ್ತಿ, ಅವಳ ಮುಖವನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿ, ಈ ಮಾತು ಹೇಳಿ ಮತ್ತೆ ತಲೆ ತಗ್ಗಿಸಿಬಿಟ್ಟ.

ಅವಳಿಗೆ ಉರಿದುಹೋಯಿತು. 'ಇವನ ಜೊತೆ ಮಾತಾಡೋಕೆ ಇಲ್ಲಿ ಯಾರು ತುದಿಗಾಲಲ್ಲಿ ನಿಂತಿದ್ದಾರೆ?'

ಅದು ಜಗಳವಲ್ಲ, ಕೆಲಸದ ನಿಯಮ ಎಂದು ತಿಳಿದದ್ದು ಸ್ವಲ್ಪ ಹೊತ್ತಿನ ಮೇಲೆ, ದೊಡ್ಡ ಮೇಡಂ ಬಂದು ವಿವರಿಸಿದಾಗ. ದೊಡ್ಡ ಮೇಡಂ ಎಂದರೆ ಆ ವಿಭಾಗದ ಮುಖ್ಯಸ್ಥೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರ ಬೆನ್ನಿನಲ್ಲಿ ಹುಣ್ಣಾಗುತ್ತದಲ್ಲ, ಅದನ್ನು ತಡೆಯುವುದು ಹೇಗೆ ಎಂದು ಜಗತ್ತಿನಲ್ಲಿ ಯಾರ್ಯಾರು ಏನೇನು ಬರೆದಿದ್ದಾರೋ ಎಲ್ಲವನ್ನೂ ಜಾಲಾಡಿ ಒಂದು ಪ್ರಬಂಧ ಬರೆಯಬೇಕಿತ್ತು. ಲೇಖನಗಳನ್ನು ಹುಡುಕಿ ಇಳಿಸಿಕೊಳ್ಳುವುದು ಲೈಬ್ರರಿಯಿಂದ ಬಂದ ಅವಳ ಕೆಲಸ. ಆಮೇಲೆ ಪ್ರತಿ ಲೇಖನವನ್ನೂ ಇವರಿಬ್ಬರು ಬೇರೆಬೇರೆಯಾಗಿ ಓದಿ 'ಬೇಕು' ಇಲ್ಲವೇ 'ಬೇಡ' ಎನ್ನಬೇಕು. ಕೊನೆಯ ಲೇಖನ ಮುಗಿಯುವ ತನಕ ಒಬ್ಬರ ತೀರ್ಪು ಇನ್ನೊಬ್ಬರ ಕಿವಿಗೆ ಬೀಳಬಾರದು.

ಸರಿ, ಲೇಖನಗಳ ಬಗ್ಗೆ ಮಾತಾಡಬಾರದು. ಉಳಿದದ್ದನ್ನೆಲ್ಲ ಮಾತಾಡಬಹುದಲ್ಲ!

ಹಾಗೆ ಶುರುವಾಯಿತು...

ಅವನು ಆರು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವನು. ಎರಡು ಗಂಟೆಗೊಮ್ಮೆ ರೋಗಿಗಳನ್ನು ಮಗ್ಗುಲು ಬದಲಿಸಿ ಮಲಗಿಸಿ, ಅವರ ಬೆನ್ನು ನೋಡಿ ನೋಡಿ, ಇದಕ್ಕೊಂದು ದಾರಿ ಹುಡುಕಲೇಬೇಕೆಂದು ಸಂಶೋಧನೆಗೆ ಬಂದಿದ್ದ. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು 'ಬ್ರದರ್' ಎಂದೇ ಕರೆಯುತ್ತಿದ್ದರು. ಅವಳ ಬಾಯಿಗೆ ಮಾತ್ರ ಆ ಪದ ಒಂದು ದಿನವೂ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಆಗ ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಉಲ್ಲೇಖದ ಪಟ್ಟಿಯಲ್ಲಿ ಎಲ್ಲೋ ಒಂದು ಪೂರ್ಣವಿರಾಮ ಬಿಟ್ಟುಹೋದರೂ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅದಕ್ಕೇ ಅವಳು ಅವನಿಗೆ 'ಪೂರ್ಣವಿರಾಮ' ಎಂದು ಹೆಸರಿಟ್ಟಳು. ಮನೆಯಲ್ಲಿ ಚಿಕ್ಕಮ್ಮನ ಹತ್ತಿರವೂ ಅದೇ ಹೆಸರು. ತಾಯಿ ಇಲ್ಲದ ಅವಳನ್ನು ಬೆಳೆಸಿದವರು ಚಿಕ್ಕಮ್ಮ. ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಊರ ಸುದ್ದಿಯನ್ನೆಲ್ಲ ಮಾತಾಡಬಲ್ಲ ಹೆಂಗಸು.

ಒಂದು ಸಂಜೆ ಚಿಕ್ಕಮ್ಮ ಸೂಜಿ ತೆಗೆದಿಟ್ಟು, ದಿನಾ ಪೂರ್ಣವಿರಾಮದ ಸುದ್ದಿ ಹೇಳ್ತೀಯ, ಮಾತು ಮಾತ್ರ ನಿಲ್ಲೋದೇ ಇಲ್ಲವಲ್ಲೇ ಎಂದು ಛೇಡಿಸಿದ್ದರು. ಅವಳು ಕೆಂಪಾಗಿ ಅಡುಗೆಮನೆಗೆ ಓಡಿದ್ದಳು.

ಆ ದಿನಗಳು... ಎಷ್ಟು ಚೆನ್ನಾಗಿದ್ದವು!

ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿಯಿಂದ ಬಿಸಿಲು ಬಂದು ಮೇಜಿನ ಅರ್ಧಕ್ಕೆ ನಿಲ್ಲುತ್ತಿತ್ತು. ಅವನು ತನ್ನ ಕುರ್ಚಿಯನ್ನು ಬಿಸಿಲಿನ ಕಡೆ ಎಳೆದುಕೊಂಡು ನೆರಳಿನ ಕಡೆಯನ್ನು ಅವಳಿಗೆ ಬಿಡುತ್ತಿದ್ದ. ಹಳೆಯ ಪ್ರಿಂಟರ್ ಮೂರು ಹಾಳೆಗೊಮ್ಮೆ ಮುನಿಸಿಕೊಳ್ಳುತ್ತಿತ್ತು. ಮಧ್ಯಾಹ್ನ ಇಬ್ಬರ ಡಬ್ಬಿಗಳೂ ಒಂದೇ ಹೊತ್ತಿಗೆ ತೆರೆಯುತ್ತಿದ್ದವು. ಒಬ್ಬರಿಗೊಬ್ಬರು ಏನನ್ನೂ ಹೇಳಿಕೊಂಡಿರಲಿಲ್ಲ. ಹೇಳದೆಯೇ ಎಲ್ಲ ಗೊತ್ತಾಗುತ್ತಿದೆ ಎಂದು ಅವಳು ನಂಬಿದ್ದಳು.

ಪ್ರಬಂಧ ಅಚ್ಚಾಯಿತು. ಅದೇ ತಿಂಗಳು ಲೈಬ್ರರಿಯಲ್ಲಿ ಅವಳ ತಾತ್ಕಾಲಿಕ ಕೆಲಸವನ್ನು ಕಾಯಂ ಮಾಡುವ ಸಂದರ್ಶನವೂ ಬಂತು. ಸೋಮವಾರ ಸಂದರ್ಶನ ಮುಗಿಸಿ ನಗುನಗುತ್ತಾ ಬಂದಿದ್ದಳು. ಮಂಗಳವಾರ ದೊಡ್ಡ ಮೇಡಂ ಕರೆದರು.

"ಹುಡುಕಾಟದ ಫೈಲ್‌ಗಳನ್ನೆಲ್ಲ ಕೊಡಮ್ಮ. ಒಂದು ತಪ್ಪಾಗಿದೆ ಅಂತ ಅವನು ಬರೆದು ಕೊಟ್ಟಿದ್ದಾನೆ."

ಯಾವ ತಪ್ಪು? ಅವಳೇ ಫೈಲ್ ತೆರೆದು ನೋಡಿದಳು.

ಡೇಟಾಬೇಸ್‌ನಿಂದ ಒಂದು ಸಲಕ್ಕೆ ಐನೂರು ಉಲ್ಲೇಖಗಳನ್ನು, ಅಂದರೆ ಲೇಖನಗಳ ಹೆಸರು-ವಿವರಗಳನ್ನು, ಮಾತ್ರ ಇಳಿಸಿಕೊಳ್ಳಬಹುದು. ಸಿಕ್ಕಿದ್ದು ಸಾವಿರದ ಎಂಟುನೂರರ ಮೇಲೆ. ಒಂದರಿಂದ ಐನೂರು, ಐನೂರ ಒಂದರಿಂದ ಸಾವಿರ, ಹೀಗೆ ನಾಲ್ಕು ಕಂತುಗಳಲ್ಲಿ ಇಳಿಸಿ ಉಲ್ಲೇಖಗಳ ಸಾಫ್ಟ್‌ವೇರ್‌ಗೆ ಇಂಪೋರ್ಟ್ ಮಾಡಬೇಕು. ಮೂರನೆಯ ಕಂತಿನಲ್ಲಿ ಅವಳು ಎರಡನೆಯದರ ಅಂಕೆಗಳನ್ನೇ ಮತ್ತೆ ಹಾಕಿದ್ದಳು. ಸಾಫ್ಟ್‌ವೇರ್ ಪಾಪ, ಒಂದೇ ಉಲ್ಲೇಖ ಎರಡೆರಡು ಸಲ ಬಂದಿದೆಯೆಂದು ಹೆಚ್ಚಿನದನ್ನು ಸದ್ದಿಲ್ಲದೆ ಅಳಿಸಿಹಾಕಿತ್ತು. ಬರಬೇಕಾಗಿದ್ದ ಐನೂರು ಉಲ್ಲೇಖಗಳು ಬಂದೇ ಇರಲಿಲ್ಲ. ಯಾರಿಗೂ ಗೊತ್ತೂ ಆಗಿರಲಿಲ್ಲ.

ತಪ್ಪು ತನ್ನದೇ. ಅದಕ್ಕೆ ಅವಳು ಅಳಲಿಲ್ಲ.

ಎರಡು ಅಡಿ ದೂರದಲ್ಲಿ ಕೂರುವವನು ತನಗೆ ಒಂದು ಮಾತು ಹೇಳದೆ ನೇರವಾಗಿ ಮೇಲಕ್ಕೆ ಬರೆದುಕೊಟ್ಟನಲ್ಲ, ಅದಕ್ಕೆ ಅತ್ತಳು. 'ನನಗೆ ಹೇಳಿದ್ದಿದ್ರೆ ನಾನೇ ಹೋಗಿ ಒಪ್ಕೊಳ್ತಿದ್ದೆ. ನನ್ನ ಬೆನ್ನ ಹಿಂದೆ ಯಾಕೆ?' ನಂಬಿದವನೇ ಬೆನ್ನಿಗೆ ಚೂರಿ ಹಾಕಿದ ಎಂದು ತೀರ್ಮಾನಿಸಿಬಿಟ್ಟಳು.

ಬಿಟ್ಟುಹೋದ ಲೇಖನಗಳನ್ನು ಬೇರೆ ಇಬ್ಬರು ಓದಿ ಸೇರಿಸಿದರು. ಪ್ರಬಂಧದ ತೀರ್ಮಾನವೇನೂ ಬದಲಾಗಲಿಲ್ಲವಂತೆ. ಅವಳಿಗೆ ನೋಟಿಸ್ ಬರಲಿಲ್ಲ, ಕಾಯಂ ಆದೇಶ ಬಂತು. ದೊಡ್ಡ ಮೇಡಂ ಕರುಣೆ ತೋರಿಸಿರಬೇಕು ಎಂದುಕೊಂಡಳು. ಅವನನ್ನು ಸಂಶೋಧನೆಯಿಂದ ಮತ್ತೆ ವಾರ್ಡಿಗೆ ಹಾಕಿದರು ಎಂದು ಕೇಳಿ, ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡಳು. ಸ್ವಲ್ಪ ದಿನಕ್ಕೆ ಅವನು ಬೇರೆ ಊರಿನ ಆಸ್ಪತ್ರೆಗೆ ಹೊರಟುನಿಂತ. ಹೊರಡುವ ದಿನ ಲೈಬ್ರರಿಯ ಕೌಂಟರಿಗೆ ಬಂದು, ಐದು ನಿಮಿಷ ಮಾತಾಡಬೇಕಿತ್ತು ಎಂದ.

"ನಾವಿಬ್ಬರೂ ಮಾತಾಡೋ ಹಾಗಿಲ್ಲ ಅಂತ ನೀವೇ ಹೇಳಿದ್ರಲ್ಲ," ಎಂದು ಅವಳು ಪುಸ್ತಕಗಳಿಗೆ ಮೊಹರು ಒತ್ತತೊಡಗಿದಳು. ಒತ್ತುತ್ತಲೇ ಇದ್ದಳು. ತಲೆ ಎತ್ತಿದಾಗ ಅವನು ಇರಲಿಲ್ಲ.

ಏಳು ವರ್ಷ.

ಈಗ ಅವಳೇ ಲೈಬ್ರರಿಯ ಮುಖ್ಯಸ್ಥೆ. ಗಾಜಿನ ಬಾಗಿಲಿನ ಪುಟ್ಟ ಕೋಣೆ, ಬಾಗಿಲ ಮೇಲೆ ಹುದ್ದೆಯ ಫಲಕ. ಬಂದ ಸಂಬಂಧಗಳಿಗೆಲ್ಲ ಏನಾದರೊಂದು ಕುಂದು ಹುಡುಕಿ ಬೇಡವೆಂದಿದ್ದಳು. ಚಿಕ್ಕಮ್ಮ ಕೇಳುವುದನ್ನೇ ಬಿಟ್ಟಿದ್ದರು. ಆ ಪ್ರಬಂಧವನ್ನಂತೂ ಮತ್ತೆ ಕಣ್ಣೆತ್ತಿಯೂ ನೋಡಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ದೊಡ್ಡ ಮೇಡಂ ಅವರ ಇಮೇಲ್ ಬಂತು. ನಿವೃತ್ತಿಗೆ ಮುಂಚೆ ಆ ಹಳೆಯ ಪ್ರಬಂಧವನ್ನು ಹೊಸದು ಮಾಡಬೇಕು, ಈ ಏಳು ವರ್ಷಗಳಲ್ಲಿ ಬಂದದ್ದನ್ನೆಲ್ಲ ಸೇರಿಸಬೇಕು. ಹುಡುಕಾಟ ಅವಳದೇ. ಜೊತೆಗೆ ಓದಲು ಅವನು ಬರಲು ಒಪ್ಪಿದ್ದಾನೆ. ಆದರೆ ಅವಳು ಸರಿ ಎಂದರೆ ಮಾತ್ರ ಬರುತ್ತಾನಂತೆ. ಬೇಡವೆಂದರೆ ಈ ಕಡೆ ತಲೆ ಹಾಕುವುದಿಲ್ಲವಂತೆ. ಸಂಜೆ ನಾಲ್ಕರೊಳಗೆ ತಿಳಿಸು.

ಇಮೇಲ್ ಮುಚ್ಚಿದಳು, ಮತ್ತೆ ತೆರೆದಳು. ಇದು ಸಿಟ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. 'ಬೇರೆಯವರನ್ನು ಕಳಿಸಿ ಮೇಡಂ' ಎಂದು ಉತ್ತರ ಬರೆದೂಬಿಟ್ಟಳು. ಕಳಿಸುವ ಗುಂಡಿ ಒತ್ತಲು ಮಾತ್ರ ಬೆರಳು ಏಳಲಿಲ್ಲ. ಕೆಲಸ ಮುಗಿಸಿ ಕಳಿಸಿದರಾಯಿತು ಎಂದು ಹುಡುಕಾಟಕ್ಕೆ ಕೂತಳು.

ಈ ಸಲ ಅಂಕೆಗಳನ್ನು ಕಾಗದದಲ್ಲಿ ಬರೆದಿಟ್ಟು, ಒಂದೊಂದೇ ಕಂತು ಇಳಿಸಿ, ಇಂಪೋರ್ಟ್ ಮಾಡಿದಳು. ಹಳೆಯದೂ ಹೊಸದೂ ಬೆರೆತ ದೊಡ್ಡ ರಾಶಿ. ಆಮೇಲೆ ಎರಡೆರಡು ಸಲ ಬಂದದ್ದನ್ನು ತೆಗೆಯುವ ಕೆಲಸ. ಸಾಫ್ಟ್‌ವೇರ್ ಜೋಡಿ ಜೋಡಿಯಾಗಿ ಮುಂದಿಟ್ಟು ಇವೆರಡೂ ಒಂದೇನಾ, ಸೇರಿಸಲಾ ಎಂದು ಕೇಳುತ್ತಿತ್ತು. ಅವಳು ಹೂಂ, ಹೂಂ ಎಂದು ಒತ್ತುತ್ತಾ ಹೋದಳು.

ಮೂರು ಗಂಟೆಯ ಹೊತ್ತಿಗೆ ಅವರದೇ ಪ್ರಬಂಧ ಬಂತು.

ಒಂದೇ ಶೀರ್ಷಿಕೆ, ಒಂದೇ ಪತ್ರಿಕೆ, ಒಂದೇ ವರ್ಷ. ಸೇರಿಸಲಾ?

ಬೆರಳು ಒತ್ತಲು ಹೋಗಿತ್ತು... ನಿಂತಿತು. ಒಂದಕ್ಕೆ ಹನ್ನೆರಡು ಪುಟ, ಇನ್ನೊಂದಕ್ಕೆ ಒಂದೇ ಪುಟ. ಒಂದಕ್ಕೆ ನಾಲ್ವರು ಲೇಖಕರು, ಇನ್ನೊಂದಕ್ಕೆ ಒಬ್ಬನೇ.

ಅವನು.

ಎರಡನೆಯದನ್ನು ತೆರೆದಳು. ಅದು ಪ್ರಬಂಧವಲ್ಲ, ಐದು ತಿಂಗಳ ಮೇಲೆ ಅದೇ ಪತ್ರಿಕೆಯಲ್ಲಿ ಅಚ್ಚಾದ ತಿದ್ದುಪಡಿ. ನಾಲ್ಕೇ ಸಾಲು.

'ಡೇಟಾಬೇಸ್ ಉಲ್ಲೇಖಗಳನ್ನು ಇಂಪೋರ್ಟ್ ಮಾಡುವಾಗ ಐನೂರು ಉಲ್ಲೇಖಗಳು ಬಿಟ್ಟುಹೋಗಿದ್ದವು. ಈ ಲೋಪದ ಹೊಣೆ ನನ್ನದು. ಇದರಿಂದ ಆದ ತೊಂದರೆಗೆ ಓದುಗರ ಮತ್ತು ನನ್ನ ಸಹಲೇಖಕರ ಕ್ಷಮೆ ಕೇಳುತ್ತೇನೆ.'

ಓದಿದಳು. ಮತ್ತೆ ಓದಿದಳು. ಮೂರನೆಯ ಸಲ ಅಕ್ಷರಗಳು ಕಾಣಿಸಲಿಲ್ಲ, ಕಣ್ಣು ತುಂಬಿತ್ತು.

'ನನ್ನ ಮೇಲೆ ಬರ್ದಿಲ್ಲ... ಅವನ ಮೇಲೇ ಬರ್ಕೊಂಡಿದ್ದಾನೆ...'

ಮೆಟ್ಟಿಲು ಹತ್ತಿ ದೊಡ್ಡ ಮೇಡಂ ಕೋಣೆಗೆ ಓಡಿದಳು. ಅಂಕೆ ತಪ್ಪು ಹಾಕಿದವಳು ತಾನು ಎಂದು ಏಳು ವರ್ಷ ತಡವಾಗಿ ಒಪ್ಪಿಕೊಂಡಳು. ಮೇಡಂ ಕನ್ನಡಕ ತೆಗೆದು, ಫೈಲ್ ನೋಡಿದ ದಿನವೇ ತನಗೆ ಗೊತ್ತಿತ್ತು ಎಂದರು. ಅವಳಿಗೆ ಹೇಳಬಾರದೆಂದು ಅವನು ಮಾತು ತೆಗೆದುಕೊಂಡಿದ್ದನಂತೆ. ಮಿಕ್ಕದ್ದನ್ನು ಅವನನ್ನೇ ಕೇಳು ಎಂದು ಗಡಿಯಾರದ ಕಡೆ ನೋಡಿದರು. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

"ಬರಲಿ ಮೇಡಂ," ಎಂದಳು.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಚಿಕ್ಕಮ್ಮ ಹೊಲಿಗೆ ಯಂತ್ರ ನಿಲ್ಲಿಸಿದರು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಾಣದೇನೇ ಏಳು ವರ್ಷ ಮುನಿಸ್ಕೊಂಡೆ. ಹೋಗ್ಲಿ ಬಿಡು. ಮದುವೆ ಆಗಿದ್ಯಾ ಅವನಿಗೆ? ಮೊದಲು ಅದನ್ನ ಕೇಳ್ಕೊಂಡು ಬಾ."

ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. ಶನಿವಾರ, ಭಾನುವಾರ ಎರಡೂ ದಿನ ಬೇರೇನನ್ನೂ ಯೋಚಿಸಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತು. ನಾಲ್ಕನೆಯ ಮಹಡಿ. ಪ್ರಿಂಟರ್ ಹೊಸದು, ಗೋಡೆಯ ಬಣ್ಣ ಹೊಸದು. ಅವನು ಬಾಗಿಲಲ್ಲಿ ನಿಂತಿದ್ದ. ಕಿವಿಯ ಹತ್ತಿರ ನಾಲ್ಕು ಬಿಳಿಕೂದಲು, ಮುಖದಲ್ಲಿ ಅದೇ ಸಂಕೋಚ. ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದವನ ಮುಂದೆ ಅವಳು ಆ ಒಂದು ಪುಟದ ಪ್ರತಿ ಹಿಡಿದಳು.

"ಅಂಕೆ ತಪ್ಪು ಹಾಕಿದ್ದು ನಾನು. ನನ್ನ ತಪ್ಪನ್ನ ನಿಮ್ಮ ಹೆಸರಿಗೆ ಬರ್ಕೊಳ್ಳೋಕೆ ನಿಮಗೆ ಯಾರು ಹೇಳಿದ್ರು? ಏಳು ವರ್ಷ ನಿಮ್ಮನ್ನ ಬೈಕೊಂಡು ಬದುಕಿದೀನಿ... ಅದನ್ನ ಯಾರು ವಾಪಸ್ ಕೊಡ್ತಾರೆ?"

ಅವನು ಕಾಗದ ತೆಗೆದುಕೊಂಡು ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿದ.

ಪ್ರಬಂಧ ಓದಿದ ಯಾರೋ ಒಬ್ಬರು, ಒಂದು ಮುಖ್ಯ ಲೇಖನವೇ ಪಟ್ಟಿಯಲ್ಲಿಲ್ಲವಲ್ಲ ಎಂದು ಕೇಳಿದ್ದರಂತೆ. ಹುಡುಕುತ್ತಾ ಹೋದಾಗ ತಪ್ಪು ಸಿಕ್ಕಿದ್ದು ಶನಿವಾರ. ಅವಳಿಗೆ ಹೇಳಿದ್ದರೆ ಸೋಮವಾರದ ಸಂದರ್ಶನದಲ್ಲಿ ತಾನೇ ಬಾಯಿಬಿಟ್ಟು ಹೇಳಿಬಿಡುತ್ತಿದ್ದಳು, ಕೆಲಸ ಕೈತಪ್ಪುತ್ತಿತ್ತು. ಅವನು ಹೇಳಿದ್ದು ನಿಜವೇ. ಅವಳು ಹಾಗೇ ಮಾಡುತ್ತಿದ್ದಳು.

"ಆದ್ರೆ ಅದರಲ್ಲಿ ಬರ್ದಿರೋದು ಸುಳ್ಳಲ್ಲ," ಎಂದ. "ಅಂಕೆ ಹಾಕೋದು ನಿಮ್ಮ ಕೆಲಸ, ತಾಳೆ ನೋಡೋದು ನನ್ನ ಕೆಲಸ. ಪ್ರತಿ ಫೈಲ್‌ನ ಮೊದಲನೇ ಉಲ್ಲೇಖ, ಕೊನೇ ಉಲ್ಲೇಖ ನೋಡಿ ಸಹಿ ಹಾಕ್ಬೇಕಿತ್ತು. ನಾನು ನೋಡದೇನೇ ಸಹಿ ಹಾಕಿದೆ."

"ನೀವಾ? ಒಂದು ಚುಕ್ಕೆ ಬಿಟ್ಟುಹೋದ್ರೂ ಊಟ ಬಿಡ್ತಿದ್ದ ನೀವಾ?"

ಅವನು ಕಿಟಕಿಯ ಕಡೆ ನೋಡಿದ. ಆಮೇಲೆ ಧೈರ್ಯ ಮಾಡಿ ಅವಳನ್ನೇ ನೋಡಿದ.

"ಅವತ್ತು ನಾನು ನಿಮ್ಮನ್ನ ನೋಡ್ತಾ ಕೂತಿದ್ದೆ. ಅಂಕೆಗಳನ್ನ ನೋಡ್ಲಿಲ್ಲ. ತಿದ್ದುಪಡೀಲಿ ಅದನ್ನ ಹೇಗೆ ಬರೀಲಿ ಹೇಳಿ?"

ಅವಳಿಗೆ ನಗು ಬಂತು, ಅಳುವೂ ಬಂತು. ಯಾವುದನ್ನು ಮೊದಲು ತಡೆಯಬೇಕೆಂದು ಗೊತ್ತಾಗದೆ ಎರಡನ್ನೂ ಬಿಟ್ಟುಬಿಟ್ಟಳು.

"ಚಿಕ್ಕಮ್ಮ ಒಂದು ವಿಷಯ ಕೇಳ್ಕೊಂಡು ಬಾ ಅಂದಿದ್ದಾರೆ..."

"ಇಲ್ಲ. ಆಗಿಲ್ಲ."

"ನಾನಿನ್ನೂ ಕೇಳೇ ಇಲ್ಲ."

"ಚಿಕ್ಕಮ್ಮಂದಿರು ಇನ್ನೇನು ಕೇಳ್ತಾರೆ?" ಎಂದ ಅವನು. ಅವನ ಕಣ್ಣೂ ಒದ್ದೆಯಾಗಿತ್ತು. "ಯಾರನ್ನ ನೋಡಿದ್ರೂ ನೀವಲ್ಲ ಅನ್ನಿಸ್ತಿತ್ತು. ಬಾ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು ಅಂತ ಕಾಯ್ತಿದ್ದೆ."

"ನಾನೂ ಕಾಯ್ತಿದ್ದೆ. ಸಿಟ್ಟು ಅಂದ್ಕೊಂಡಿದ್ದೆ... ಸಿಟ್ಟಾಗಿರ್ಲಿಲ್ಲ ಅದು."

ಅವಳು ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕೂತಳು. ಎದುರಿನ ಕುರ್ಚಿಯಲ್ಲಿ ಅವನು ಕೂತ. ಪರದೆಯ ಮೇಲೆ ಸಾವಿರಾರು ಉಲ್ಲೇಖಗಳು ಸಾಲಾಗಿ ನಿಂತಿದ್ದವು.

"ಈ ಸಲ ತಾಳೆ ನೋಡೋ ಕೆಲಸಾನೂ ನಂಗೇ ಇರ್ಲಿ," ಎಂದಳು.

"ಮತ್ತೆ ನಾನೇನು ಮಾಡ್ಲಿ?"

"ಅವತ್ತು ಮಾಡ್ತಿದ್ರಲ್ಲ," ಎಂದು ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. "ಅದನ್ನೇ ಮಾಡಿ."